ಗಣಿತಪ್ರದರ್ಶನದ ರೂಪವಿಚಾರ

ಶಾಸ್ತ್ರವಿಷಯಕವಾದ ಪ್ರದರ್ಶನಕ್ಕೆ ದೃಶ್ಯರೂಪವನ್ನು ಕಲ್ಪಿಸುವುದು ಕೇವಲ ಅಲಂಕಾರದ ಕೆಲಸವೆಂದು ಭಾವಿಸುವವರುಂಟು. ಬಣ್ಣ, ಅಕ್ಷರ, ಫಲಕಗಳು ಒಂದಕ್ಕೊಂದು ಹೊಂದಿಕೊಂಡರೆ ಸಾಕೆಂದು ಅವರ ಮತ. ಈ ಮತವೆಷ್ಟು ದುರ್ಬಲವಾದುದೆಂಬುದನ್ನು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ರಚಿಸಿದ ‘ಮ್ಯಾಥಮ್ಯಾಟಿಕ’ ಎಂಬ ಪ್ರದರ್ಶನದಿಂದ ಅರಿಯಬಹುದು. ಐ.ಬಿ.ಎಂ. ಸಂಸ್ಥೆಯ ಧನಸಹಾಯದಿಂದ ಇದು 1961ರಲ್ಲಿ ಲಾಸ್ ಏಂಜಲೀಸಿನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ಆರಂಭವಾಯಿತು.

ಇದರ ಅತ್ಯುತ್ತಮ ಭಾಗವು ಸಂಭಾವ್ಯತಾಯಂತ್ರ. ಸಾವಿರಾರು ಸಣ್ಣ ಗುಂಡುಗಳು ಮೇಲಿನಿಂದ ಉದುರಿ, ಸಾಲಾಗಿ ನಿಂತ ಮೊಳೆಗಳಿಗೆ ತಗುಲಿ, ಎಡಕ್ಕೋ ಬಲಕ್ಕೋ ಹೊರಳುತ್ತ ಕೆಳಗಿನ ಕಂಡಿಗಳಲ್ಲಿ ಶೇಖರವಾಗುವುವು. ಯಾವ ಗುಂಡಿನ ಗತಿಯನ್ನೂ ಮುಂದಾಗಿ ಹೇಳಲಾಗದು. ಆದರೂ ಎಲ್ಲವೂ ಬಿದ್ದಮೇಲೆ ಗಂಟೆಯಾಕಾರದ ರಾಶಿಯೊಂದು ತಾನಾಗಿಯೇ ಮೈದೋರುವುದು. ಇಲ್ಲಿ ರೂಪವೇ ಪ್ರಮಾಣ. ಫಲಕವನ್ನೋದದ ಬಾಲಕನಿಗೂ ಸಿದ್ಧಾಂತವು ಕಣ್ಣಿಗೆ ಕಟ್ಟುವುದು. ಮೋಬಿಯಸ್ ಪಟ್ಟಿಯ ಮೇಲೆ ಸಂಚರಿಸುವ ಬಾಣವೂ ಇದೇ ಜಾತಿಯದು.

ಇತಿಹಾಸಭಿತ್ತಿಯ ವಿಷಯದಲ್ಲಾದರೋ ಈ ಮೆಚ್ಚಿಕೆ ನಿಲ್ಲದು. ಉದ್ದವಾದ ಗೋಡೆಯ ಮೇಲೆ ಗಣಿತಜ್ಞರ ಹೆಸರು, ಚಿತ್ರ, ಸಾಧನೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದೆ. ಇದನ್ನವಲಂಬಿಸಿ 1966ರಲ್ಲಿ ಹೊರಟ ಭಿತ್ತಿಪತ್ರಕ್ಕೆ ‘ಆಧುನಿಕ ಗಣಿತದ ಪುರುಷರು’ ಎಂಬರ್ಥದ ಹೆಸರಿತ್ತು. 2012ರಲ್ಲಿ ಅದನ್ನು ವಿದ್ಯುನ್ಮಾನ ರೂಪಕ್ಕೆ ತಂದಾಗ ‘ಪುರುಷರು’ ಹೋಗಿ ‘ಮೇಧಾವಿಗಳು’ ಬಂದರು. ಹೆಸರಿನ ದೋಷ ಹೀಗೆ ತಿದ್ದಲ್ಪಟ್ಟರೂ ರೂಪದ ದೋಷ ಉಳಿಯಿತು. ಅದರ ಕಾಲರೇಖೆಯು ಕ್ರಿ.ಶ. 1000ದಿಂದ ಮೊದಲಾಗುವುದರಿಂದ, 628ರಲ್ಲಿ ಶೂನ್ಯದ ಗಣನೆಗೆ ನಿಯಮಗಳನ್ನು ವಿಧಿಸಿದ ಬ್ರಹ್ಮಗುಪ್ತನಿಗೂ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನಿಗೂ ಅದರಲ್ಲಿ ಎಡೆಯಿಲ್ಲ. ‘ಆಧುನಿಕ’ ಎಂಬ ವಿಶೇಷಣವೇ ಇದಕ್ಕೆ ಸಮಾಧಾನವೆನ್ನಬಹುದು. ಹನ್ನೊಂದನೆಯ ಶತಮಾನವು ಯಾವ ಅರ್ಥದಲ್ಲಿ ಆಧುನಿಕವೋ ತಿಳಿಯದು! ಅದಂತಿರಲಿ. ಹೆಚ್ಚಿನ ತೊಡಕು ಬೇರೆಡೆ ಇದೆ. ವ್ಯಕ್ತಿಗಳ ಹೆಸರನ್ನೂ ಜೀವಿತಾವಧಿಯನ್ನೂ ಆಧಾರವಾಗಿ ಹಿಡಿದ ರಚನೆಯಲ್ಲಿ ಹೆಸರಿಲ್ಲದವರ ಕೆಲಸಕ್ಕೆ ಸ್ಥಾನ ದೊರೆಯುವುದು ಕಷ್ಟ. ಹತ್ತು ಚಿಹ್ನೆಗಳಿಂದ ಸಕಲಸಂಖ್ಯೆಗಳನ್ನೂ ಬರೆಯುವ ಸ್ಥಾನಕ್ರಮವನ್ನು ಮೊದಲು ಕಂಡವರಾರು? ಅವರ ಜನ್ಮವರ್ಷವನ್ನು ಗೋಡೆಯ ಯಾವ ಭಾಗದಲ್ಲಿ ಗುರುತಿಸುವುದು?

ಇದೇ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೊಪ್ಪಿಸಿದ ವರದಿಯಲ್ಲಿ, ಭಾರತೀಯರ ಮನೆಯ ಚೊಂಬನ್ನು ಬಹುವಾಗಿ ಕೊಂಡಾಡಿದ್ದರು. ಅದು ಯಾವನೊಬ್ಬನ ಕಲ್ಪನೆಯೂ ಅಲ್ಲ, ಅನೇಕ ತಲೆಮಾರುಗಳ ಕೈಯಲ್ಲಿ ತಿದ್ದಿಕೊಂಡು ಬಂದ ರೂಪ ಎಂಬುದೇ ಅವರ ಪ್ರಶಂಸೆಗೆ ಕಾರಣ. ಆ ವರದಿಯ ಫಲವಾಗಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾದುದೂ 1961ರಲ್ಲಿಯೇ. ಚೊಂಬಿನಲ್ಲಿ ಅಷ್ಟು ಚೆನ್ನಾಗಿ ಕಂಡ ಅನಾಮಧೇಯ ಕರ್ತೃತ್ವವು ಅಂಕಿಗಳ ವಿಷಯದಲ್ಲಿ ಅವರ ಗೋಡೆಯನ್ನು ಸೇರಲಿಲ್ಲ.