ಕ್ರಿಶ್: ಕುಂದುಗಳ ನಡುವೆ ಒಂದು ಮುಖವಾಡ

ಸಿನಿಮಾದಲ್ಲಿ ತಪ್ಪು ಹುಡುಕುವುದು ಸುಲಭ. ಸೂಪರ್ ಹೀರೋ ಸಿನಿಮಾದಲ್ಲಂತೂ ಇನ್ನೂ ಸುಲಭ. ಮನುಷ್ಯನೊಬ್ಬ ಕುದುರೆಯನ್ನು ಹಿಂದಿಕ್ಕಿ ಓಡುತ್ತಾನೆ, ಮರದಿಂದ ಮರಕ್ಕೆ ಹಾರುತ್ತಾನೆ ಎಂದರೆ ನಂಬುವವರು ಯಾರು? ಆದರೂ ನಾವು ನೋಡುತ್ತೇವೆ, ಖುಷಿಯನ್ನೂ ಪಡುತ್ತೇವೆ. ರಾಕೇಶ್ ರೋಶನ್ ನಿರ್ದೇಶಿಸಿ 2006ರ ಜೂನ್‌ನಲ್ಲಿ ತೆರೆಗೆ ತಂದ 'ಕ್ರಿಶ್' ಅಂಥದೊಂದು ಚಿತ್ರ. ಅದರ ಕುಂದುಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೂ ಅದು ನಮ್ಮನ್ನು ಏಕೆ ರಂಜಿಸುತ್ತದೆ ಎಂಬ ಪ್ರಶ್ನೆ ಉಳಿದುಬಿಡುತ್ತದೆ.

ಇದು 2003ರ 'ಕೋಯಿ ಮಿಲ್ ಗಯಾ'ದ ಮುಂದುವರಿದ ಕಥೆ. ಅನ್ಯಗ್ರಹದ ಜೀವಿಯಿಂದ ಅಸಾಧಾರಣ ಶಕ್ತಿ ಪಡೆದ ರೋಹಿತ್‌ನ ಮಗ ಕೃಷ್ಣ. ಎರಡೂ ಪಾತ್ರಗಳಲ್ಲಿ ಹೃತಿಕ್ ರೋಶನ್. ತಂದೆಯ ಶಕ್ತಿ ಮಗನಿಗೆ ಹುಟ್ಟಿನಿಂದಲೇ ಬಂದಿದೆ. ಮಗನನ್ನು ಕಳೆದುಕೊಂಡ ಅಜ್ಜಿ (ರೇಖಾ), ಲೋಕದ ಕಣ್ಣು ಮೊಮ್ಮಗನ ಮೇಲೆ ಬೀಳದಿರಲೆಂದು ಅವನನ್ನು ಬೆಟ್ಟದ ಹಳ್ಳಿಯೊಂದರಲ್ಲಿ ಅಡಗಿಸಿ ಬೆಳೆಸುತ್ತಾಳೆ. ಅಲ್ಲಿಗೆ ಬಂದ ಪ್ರಿಯಾ (ಪ್ರಿಯಾಂಕಾ ಚೋಪ್ರಾ), ಟಿವಿ ವಾಹಿನಿಯಲ್ಲಿನ ತನ್ನ ನೌಕರಿ ಉಳಿಸಿಕೊಳ್ಳಲು ಅವನನ್ನು ಸಿಂಗಾಪುರಕ್ಕೆ ಕರೆಸಿಕೊಳ್ಳುತ್ತಾಳೆ. ಅವನ ಶಕ್ತಿಯನ್ನು ಕ್ಯಾಮೆರಾದ ಮುಂದೆ ತರುವುದು ಅವಳ ಲೆಕ್ಕಾಚಾರ. ಅದೇ ಊರಿನಲ್ಲಿ ಭವಿಷ್ಯ ತೋರಿಸುವ ಕಂಪ್ಯೂಟರ್ ಇಟ್ಟುಕೊಂಡ ಡಾ. ಸಿದ್ಧಾಂತ್ ಆರ್ಯ (ನಸೀರುದ್ದೀನ್ ಶಾ) ಇದ್ದಾನೆ.

ಕುಂದುಗಳು ಕಣ್ಣಿಗೆ ರಾಚುತ್ತವೆ. ಸುಮಾರು ಮೂರು ತಾಸಿನ ಚಿತ್ರದಲ್ಲಿ ಅರ್ಧದಷ್ಟು ಹೊತ್ತು ಬೆಟ್ಟ, ಹಾಡು ಮತ್ತು ಪ್ರೇಮದಲ್ಲೇ ಕಳೆದುಹೋಗುತ್ತದೆ. ಭವಿಷ್ಯ ತೋರಿಸುವ ಯಂತ್ರ, ಜಾನ್ ವೂ ನಿರ್ದೇಶನದ ಹಾಲಿವುಡ್ ಚಿತ್ರ 'ಪೇಚೆಕ್' ನೋಡಿದವರಿಗೆ ಹೊಸದಲ್ಲ. ಸಿಂಗಾಪುರದ ದೃಶ್ಯಗಳು ಹಲವೆಡೆ ಪ್ರವಾಸಿ ಜಾಹೀರಾತಿನಂತಿವೆ. ಆ ದೇಶದ ಪ್ರವಾಸೋದ್ಯಮ ಮಂಡಳಿ ಚಿತ್ರೀಕರಣಕ್ಕೆ ನೆರವು ನೀಡಿತ್ತು ಎಂಬುದನ್ನು ನೆನೆದರೆ ಕಾರಣವೂ ತಿಳಿಯುತ್ತದೆ. ನಸೀರುದ್ದೀನ್ ಶಾರಂಥ ನಟನಿಗೆ ಗದರಿಸುವುದು, ಕುಹಕದಿಂದ ನಗುವುದು ಬಿಟ್ಟರೆ ಹೆಚ್ಚಿನ ಕೆಲಸವಿಲ್ಲ. ಹಾಂಗ್‌ಕಾಂಗ್‌ನ ಚಿಂಗ್ ಸಿಯು ತುಂಗ್ ರೂಪಿಸಿದ ಸಾಹಸಗಳು ಮಾತ್ರ ಇಂದಿಗೂ ಲವಲವಿಕೆಯಿಂದಿವೆ.

ಆದರೆ ನಮ್ಮನ್ನು ಹಿಡಿದು ಕೂರಿಸುವುದು ಹಾರಾಟ ಒಂದೇ ಅಲ್ಲ. ಸರ್ಕಸ್ ಡೇರೆಗೆ ಬೆಂಕಿ ಬೀಳುತ್ತದೆ, ಒಳಗೆ ಮಕ್ಕಳು ಸಿಕ್ಕಿಬಿದ್ದಿದ್ದಾರೆ. ಶಕ್ತಿಯನ್ನು ಯಾರಿಗೂ ತೋರಿಸುವುದಿಲ್ಲವೆಂದು ಕೃಷ್ಣ ಅಜ್ಜಿಗೆ ಮಾತು ಕೊಟ್ಟಿದ್ದಾನೆ. ಮಾತು ಉಳಿಸಿಕೊಂಡರೆ ಮಕ್ಕಳು ಉಳಿಯುವುದಿಲ್ಲ. ಆಗ ಅವನ ಕೈಗೆ ಸಿಗುವುದು ಒಡೆದ ಮುಖವಾಡದ ಒಂದು ಚೂರು. ಅದನ್ನು ಮುಖಕ್ಕೆ ಇಟ್ಟುಕೊಂಡು ಬೆಂಕಿಗೆ ನುಗ್ಗುತ್ತಾನೆ. ಕೊಟ್ಟ ಮಾತಿಗೂ ಮಾಡಲೇಬೇಕಾದ ಕೆಲಸಕ್ಕೂ ನಡುವೆ ಸಿಕ್ಕಿಕೊಂಡವನಿಗೆ ಆ ಚೂರೇ ದಾರಿಯಾಗುತ್ತದೆ. ಮಗುವಿಗೂ ಅರ್ಥವಾಗುವ, ದೊಡ್ಡವರನ್ನೂ ಯೋಚನೆಗೆ ಹಚ್ಚುವ ಸನ್ನಿವೇಶ ಇದು.

ಮುಂದಿನದು ಇನ್ನೂ ಸೊಗಸು. ಮಕ್ಕಳನ್ನು ಉಳಿಸಿದ ವೀರನಿಗೆ ಬಹುಮಾನ ಕಾದಿದೆ. ತಂಗಿಯ ಶಸ್ತ್ರಚಿಕಿತ್ಸೆಗಾಗಿ ಬೀದಿಯಲ್ಲಿ ಕಸರತ್ತು ತೋರಿಸಿ ಕಾಸು ಕೂಡಿಸುತ್ತಿರುವ ಗೆಳೆಯ ಕ್ರಿಸ್ಟಿಯನ್‌ಗೆ ಕೃಷ್ಣ ಆ ಹೆಸರನ್ನೇ ಬಿಟ್ಟುಕೊಡುತ್ತಾನೆ. ಹಣವೂ ಅವನಿಗೆ, ಕೀರ್ತಿಯೂ ಅವನಿಗೆ. ಹಣ ಬಿಟ್ಟುಕೊಡುವವರನ್ನು ಸಿನಿಮಾಗಳಲ್ಲಿ ಬೇಕಾದಷ್ಟು ಕಂಡಿದ್ದೇವೆ. ಮಾಡಿದ ಒಳಿತಿನ ಹೆಸರನ್ನೇ ಬಿಟ್ಟುಕೊಡುವವರು ಅಪರೂಪ.

ಚಿತ್ರದ ನಿಜವಾದ ಕುಂದು ಇರುವುದೂ ಇಲ್ಲೇ. ಕ್ರಿಶ್ ಎಂಬವನ ಕೈಯಲ್ಲಿ ತನ್ನ ಸಾವಿದೆ ಎಂದು ಯಂತ್ರದಲ್ಲಿ ಕಂಡ ಆರ್ಯ, ಕ್ರಿಸ್ಟಿಯನ್‌ನೇ ಕ್ರಿಶ್ ಎಂದು ತಿಳಿದು ಅವನನ್ನು ಕೊಲ್ಲುತ್ತಾನೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಹೆಸರು ಬಡವನೊಬ್ಬನ ಜೀವ ತೆಗೆಯಿತು. ಈ ಭಾರವನ್ನು ಕಥಾನಾಯಕ ಹೊರಬೇಕಿತ್ತು, ಚಿತ್ರ ಅಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕಿತ್ತು. ಅದು ನಿಲ್ಲುವುದಿಲ್ಲ, ತಂದೆಯ ಬಿಡುಗಡೆ, ಖಳನ ಅಂತ್ಯದ ಕಡೆಗೆ ಓಡುತ್ತದೆ. ಹಾಡುಗಳಿಗೆ ಇದ್ದ ಪುರುಸೊತ್ತು ಈ ಸಾವಿಗೆ ಇಲ್ಲ.

ಆದರೂ ಆ ಮುಖವಾಡ ನಮ್ಮ ಮನಸ್ಸಿನಿಂದ ಮರೆಯಾಗುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಷ್ಟು ಗುಟ್ಟಾಗಿ ದಾನ ಮಾಡುವವನನ್ನು ಪ್ರವಾದಿ(ಸ) ಎತ್ತಿ ಹಿಡಿದಿದ್ದಾರೆ. ಕುರ್‌ಆನ್ ಬಹಿರಂಗ ದಾನವನ್ನು ನಿಷೇಧಿಸಿಲ್ಲ. ಬಡವರಿಗೆ ಗುಟ್ಟಾಗಿ ಕೊಡುವುದನ್ನು ಅದಕ್ಕಿಂತ ಮೇಲಿಟ್ಟಿದೆ. ಇದನ್ನೆಲ್ಲ ಬಲ್ಲ ನಾವು ರಮಝಾನ್ ಬಂತೆಂದರೆ ಮಾಡುವುದೇನು? ಆಹಾರದ ಕಿಟ್ ಹಂಚುವಾಗ ಹಿಂದೊಂದು ಬ್ಯಾನರ್, ಮುಂದೊಂದು ಕ್ಯಾಮೆರಾ. ಐದು ಕಿಲೋ ಅಕ್ಕಿಗೆ ಹತ್ತು ಕೈಗಳು. ಪಡೆಯಲು ಬಂದ ವಿಧವೆ ಸೆರಗಿನಿಂದ ಮುಖ ಮರೆಮಾಡಿಕೊಂಡರೆ, ಫೋಟೋಕ್ಕಾಗಿ ಸ್ವಲ್ಪ ಇತ್ತ ನೋಡಿ ಎನ್ನುತ್ತೇವೆ. ಇತರರಿಗೂ ಪ್ರೇರಣೆಯಾಗಲಿ ಎಂಬ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಪ್ರೇರಣೆಗೆ ಕೊಟ್ಟವರ ಲೆಕ್ಕಪತ್ರ ಸಾಕು, ಪಡೆದವಳ ಮುಖ ಬೇಕಿಲ್ಲ.

ಹಿಂದಿಯ ಈ ಜನಪ್ರಿಯ ಚಿತ್ರ ಧರ್ಮೋಪದೇಶಕ್ಕೆ ಹೊರಟದ್ದಲ್ಲ. ಅದಕ್ಕೆ ಬೇಕಿದ್ದುದು ಟಿಕೆಟ್ ಮಾರಾಟ. 2013ರ 'ಕ್ರಿಶ್ 3'ರ ಹೊತ್ತಿಗೆ ಅದೇ ವೀರನಿಗೆ ನಗರದಲ್ಲಿ ಪ್ರತಿಮೆಯೂ ಎದ್ದು ನಿಂತಿತು. ಆದರೂ ಮೊದಲ ಚಿತ್ರದಲ್ಲಿ, ಹಾಡು ಸಾಹಸಗಳ ಗದ್ದಲದ ನಡುವೆ, ಒಳಿತು ಮಾಡಿ ಮುಖ ಮರೆಸಿಕೊಳ್ಳುವವನ ಚೆಲುವನ್ನು ಅದು ಮಕ್ಕಳ ಕಣ್ಣೆದುರು ತಂದು ನಿಲ್ಲಿಸಿತು. ಮನರಂಜನೆಯಿಂದ ನಾವು ಇಷ್ಟನ್ನು ಪಡೆದರೆ ಲಾಭವೇ. ಮಕ್ಕಳ ಜೊತೆ ಕುಳಿತು ಈ ಚಿತ್ರವನ್ನು ನೋಡುವವರು ಹಾಡುಗಳನ್ನು ಬೇಕಿದ್ದರೆ ಓಡಿಸಲಿ. ಸರ್ಕಸ್ಸಿನ ದೃಶ್ಯ ಮುಗಿದ ಮೇಲೆ ಮಾತ್ರ ಒಂದು ಪ್ರಶ್ನೆ ಕೇಳಲಿ: ಅವನು ಮುಖ ಏಕೆ ಮುಚ್ಚಿಕೊಂಡ?