ಸುಕುಮಾರಸ್ವಾಮಿಯ ಕಥೆ ಮತ್ತು ನಮ್ಮ ಮಕ್ಕಳ ಶಾಲೆ

‘ವಡ್ಡಾರಾಧನೆ’ಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಘೋರ ಉಪಸರ್ಗವನ್ನು ಸಹಿಸಿ ಸಮಾಧಿಮರಣವನ್ನು ಸಾಧಿಸಿದ ಮಹಾಪುರುಷನ ಚರಿತ್ರೆಯೆಂದು ಇದನ್ನು ಓದುತ್ತ, ಕೇಳುತ್ತ ಬಂದಿದ್ದೇವೆ. ಆ ಓದು ಸರಿಯಾದುದೇ. ಆದರೆ ಒಂದೇ ಜೀವ ತನ್ನ ಭವಾವಳಿಯ ಮೂರು ಘಟ್ಟಗಳಲ್ಲಿ ಮೂರು ಬಗೆಯ ಶಿಕ್ಷಣವನ್ನು ಪಡೆಯುತ್ತದೆಂಬುದು ನಮ್ಮ ಉಪನ್ಯಾಸಗಳಲ್ಲಿ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ. ಸರಕಾರಿ ಶಾಲೆಯೋ, ಖಾಸಗಿ ಶಾಲೆಯೋ, ಧರ್ಮಸಂಸ್ಥೆಯ ಶಾಲೆಯೋ, ಮನೆಪಾಠವೋ ಎಂದು ತಂದೆತಾಯಿಗಳು ತೊಳಲುತ್ತಿರುವ ಕಾಲದಲ್ಲಿ ಈ ದೃಷ್ಟಿಯಿಂದ ಕಥೆಯನ್ನು ಪರಿಶೀಲಿಸುವುದು ಉಚಿತ.

ಕೌಶಾಂಬಿಯ ಪುರೋಹಿತನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಗಳು ಮುದ್ದಿನಲ್ಲಿ ಬೆಳೆದು ವಿದ್ಯೆ ಕಲಿಯದವರು. ತಂದೆ ತೀರಿಕೊಂಡಾಗ ಪುರೋಹಿತಪದವಿ ಪರರ ಪಾಲಾಗುತ್ತದೆ. ತಾಯಿ ಅವರನ್ನು ರಾಜಗೃಹದಲ್ಲಿದ್ದ ತನ್ನ ಸೋದರ ಸೂರ್ಯಮಿತ್ರನಲ್ಲಿಗೆ ಕಳುಹಿಸುತ್ತಾಳೆ. ನಂಟಸ್ತನವನ್ನು ಒಪ್ಪಿಕೊಂಡರೆ ಹುಡುಗರು ಮತ್ತೆ ಸುಖಕ್ಕೆ ಬೀಳುವರೆಂದು ಎಣಿಸಿದ ಮಾವನು ತನಗೆ ಸೋದರಿಯೇ ಇಲ್ಲವೆಂದು ಹೇಳಿ, ಅವರನ್ನು ಭಿಕ್ಷಾನ್ನದಲ್ಲಿರಿಸಿ ಶಾಸ್ತ್ರಗಳನ್ನು ಕಲಿಸುತ್ತಾನೆ. ಬೀಳ್ಕೊಡುವಾಗ ಮಾತ್ರ ನಿಜವನ್ನು ತಿಳಿಸುತ್ತಾನೆ. ಅಗ್ನಿಭೂತಿ ಕೃತಜ್ಞನಾಗುತ್ತಾನೆ, ವಾಯುಭೂತಿ ಹಗೆ ಸಾಧಿಸುತ್ತಾನೆ. ಮುಂದೆ ಮುನಿಯಾದ ಅದೇ ಗುರುವನ್ನು ನಿಂದಿಸಿ ನೀಚ ಜನ್ಮಗಳಲ್ಲಿ ತೊಳಲುತ್ತಾನೆ. ಕಥೆಗಾರನ ದೃಷ್ಟಿಯಲ್ಲಿ ತಪ್ಪೆಲ್ಲ ಶಿಷ್ಯನದೇ. ಜಿನದೀಕ್ಷೆಗೆ ಮುನ್ನ ಸೂರ್ಯಮಿತ್ರನಾಡಿದ ಸುಳ್ಳನ್ನು ಕಥೆ ಪ್ರಶ್ನಿಸುವುದಿಲ್ಲ, ಓದುಗನಾದರೂ ಪ್ರಶ್ನಿಸಬೇಕು. ಕಠಿಣ ಶಿಸ್ತು ಇಬ್ಬರಿಗೂ ವಿದ್ಯೆಯನ್ನು ಕೊಟ್ಟಿತು, ಆದರೆ ಮರೆಮಾಚಿದ ಉದ್ದೇಶ ಒಬ್ಬನಲ್ಲಿ ವಿಷವಾಯಿತು. ಕಾರಣವನ್ನು ತಿಳಿಸದೆ ಎಳೆಯ ಮಕ್ಕಳನ್ನು ದೂರದ ವಸತಿಶಾಲೆಗೆ ಸೇರಿಸುವವರು ಇದನ್ನು ಮನನ ಮಾಡಬೇಕು.

ಅದೇ ಜೀವ ಚಂಪಾನಗರದಲ್ಲಿ ನಾಗಶ್ರೀಯಾಗಿ ಹುಟ್ಟಿ ಸೂರ್ಯಮಿತ್ರ ಮುನಿಗಳಿಂದಲೇ ಪಂಚಾಣುವ್ರತಗಳನ್ನು ಪಡೆಯುತ್ತದೆ. ತಂದೆ ನಾಗಶರ್ಮನಿಗೆ ಇದು ಸಮ್ಮತವಲ್ಲ. ವ್ರತಗಳನ್ನು ಹಿಂದಿರುಗಿಸಲು ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಕೊಲೆ, ಸುಳ್ಳು, ಕಳವು ಮೊದಲಾದ ತಪ್ಪುಗಳಿಗಾಗಿ ದಂಡನೆಗೊಳಗಾದವರು ಒಬ್ಬರಾದ ಮೇಲೊಬ್ಬರು ಕಾಣಸಿಗುತ್ತಾರೆ. ಮಗಳು ಪ್ರತಿಯೊಬ್ಬರನ್ನು ಕುರಿತೂ ವಿಚಾರಿಸುತ್ತಾಳೆ. ಆಯಾ ವ್ರತ ಇರಲಿ ಎಂದು ತಂದೆಯೇ ಒಪ್ಪಬೇಕಾಗುತ್ತದೆ. ಕಥೆಯ ಅತ್ಯಂತ ಸಮರ್ಥ ಭಾಗವಿದು. ಉಪದೇಶ ಮುನಿಗಳಿಂದ ಬಂದುದಾದರೂ ಅದರ ಪರೀಕ್ಷೆ ನಡೆಯುವುದು ಬೀದಿಯಲ್ಲಿ, ಅನ್ಯರ ನಡುವೆ, ಪ್ರಶ್ನೆ ಕೇಳುವ ಮಗುವಿನ ಮೂಲಕ.

ಕೊನೆಯದು ಉಜ್ಜಯಿನಿಯ ಸುಕುಮಾರ. ಮುನಿಗಳನ್ನು ಕಂಡರೆ ಮಗ ವಿರಕ್ತನಾಗುವನೆಂಬ ಭವಿಷ್ಯವನ್ನು ಕೇಳಿದ ತಾಯಿ ಯಶೋಭದ್ರೆ ಅವನನ್ನು ಪ್ರಾಸಾದದೊಳಗೇ ಬೆಳೆಸುತ್ತಾಳೆ, ಮುನಿಗಳಿಗೆ ಮನೆಯ ಪ್ರವೇಶವನ್ನೇ ನಿಷೇಧಿಸುತ್ತಾಳೆ. ಸಾಸಿವೆ ಕಾಳೂ ಚುಚ್ಚುವಷ್ಟು, ದೀಪದ ಕುಡಿಗೂ ಕಣ್ಣೀರು ಬರುವಷ್ಟು ಸುಕೋಮಲನಾಗಿ ಬೆಳೆದವನು, ಮುನಿಯೊಬ್ಬರ ಓದಿನ ದನಿ ಕಿವಿಗೆ ಬಿದ್ದೊಡನೆ ಜಾತಿಸ್ಮರನಾಗಿ ಎಲ್ಲವನ್ನೂ ತೊರೆದು ನಡೆಯುತ್ತಾನೆ. ತಾಯಿಯ ವಾತ್ಸಲ್ಯ ಸುಳ್ಳಲ್ಲ, ಆದರೆ ಆ ಪೋಷಣೆಯನ್ನು ನಡೆಸಿದ್ದು ಮಗನ ಹಿತಕ್ಕಿಂತ ಮಗನನ್ನು ಕಳೆದುಕೊಳ್ಳುವ ಭಯ. ಮನೆಪಾಠವನ್ನು ಆಯ್ದುಕೊಳ್ಳುವ ಪೋಷಕರು ತಮ್ಮ ನಿರ್ಧಾರದ ಬೇರು ಎಲ್ಲಿದೆಯೆಂದು ಕೇಳಿಕೊಳ್ಳಬೇಕಾದುದು ಇಲ್ಲಿಯೇ.

ಹಾಗಾದರೆ ಯಾವ ಶಾಲೆ ಶ್ರೇಷ್ಠ? ಕಥೆ ಅದನ್ನು ನಿರ್ಣಯಿಸುವುದಿಲ್ಲ, ನಿರ್ಣಯಿಸುವವರ ಭಾವವನ್ನು ತೋರಿಸುತ್ತದೆ. ಸಂವಿಧಾನದ 28ನೆಯ ವಿಧಿಯಂತೆ ಸಂಪೂರ್ಣ ಸರಕಾರಿ ವೆಚ್ಚದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಅವಕಾಶವಿಲ್ಲ. ಆದರೆ ಅಲ್ಲಿ ಓದುವ ಶ್ರಾವಕಪುತ್ರನಿಗೆ ನಾಗಶ್ರೀ ಕಂಡ ಬೀದಿ ಪ್ರತಿದಿನವೂ ದೊರೆಯುತ್ತದೆ. ವ್ರತದ ಅರ್ಥವನ್ನು ಭಾನುವಾರದ ಪಾಠಶಾಲೆಯಲ್ಲಿ ಬಸದಿ ತಿಳಿಸಿಕೊಡಬಹುದು. ಶುಲ್ಕ ಹೆಚ್ಚಿರುವ ಶಾಲೆಯಲ್ಲಿ ಓದುವವನಿಗೂ ಈ ಪಾಠಶಾಲೆ ಅಷ್ಟೇ ಅಗತ್ಯ.

ಟ್ರಸ್ಟುಗಳ ಆಡಳಿತ ಮಂಡಳಿಗಳಿಗೆ ಹೇಳಬೇಕಾದ ಮಾತು ಬೇರೆಯೇ ಇದೆ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೊಂದು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿತು. ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಪ್ರವೇಶ ತರಗತಿಯಲ್ಲಿ ಶೇ. 25 ಸ್ಥಾನಗಳನ್ನು ಕೊಡಬೇಕೆಂಬ ವಿಧಿಯೂ ಆ ಕಾಯಿದೆಯಲ್ಲಿದೆ. ನ್ಯಾಯಾಲಯ ಏನನ್ನೇ ನಿರ್ಣಯಿಸಲಿ, ವಿನಾಯಿತಿ ಕಾನೂನಿನಿಂದ ದೊರೆಯುವುದೇ ಹೊರತು ಧರ್ಮದಿಂದಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಬಾಗಿಲು ಮುಚ್ಚಿ, ಅದೇ ಕಟ್ಟಡದ ಮೇಲೆ ತೀರ್ಥಂಕರರ ನಾಮವನ್ನು ಬರೆಸುವುದು ಯುಕ್ತವೇ? ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ನಿಯಮಗಳನ್ನು ಬರೆಯಲು ಕುಳಿತಾಗ ಆಡಳಿತ ಮಂಡಳಿಗಳು ಇದನ್ನು ಮೊದಲು ಚರ್ಚಿಸಲಿ.