ಕಣ್ಣಿಡಲು ಬಿಟ್ಟರೆ ಕೈಯೂ ಹಾಕೀತು

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ ಮೂಲೆಯಲ್ಲೋ, ಸಹಕಾರಿ ಬ್ಯಾಂಕಿನ ಮೆಟ್ಟಿಲ ಕೆಳಗೋ ಗೋಡೆಗೆ ಬಿಗಿದ ರ್‍ಯಾಕಿನಲ್ಲಿ 24 ಪೋರ್ಟಿನ ಸ್ವಿಚ್ಚೊಂದು ಇರುತ್ತದೆ. ಕೂರಿಸಲು ಬಂದ ವೆಂಡರ್ ಕಡೆಯ ಹುಡುಗ ಕನ್ಸೋಲ್ ಕೇಬಲ್ ಸಿಕ್ಕಿಸಿ, ಐಪಿ ವಿಳಾಸ ಕೊಟ್ಟು, ಟೆಲ್ನೆಟ್ ತೆರೆದು, ಕೊನೆಗೆ ‘ಎಸ್‌ಎನ್‌ಎಂಪಿ-ಸರ್ವರ್ ಕಮ್ಯುನಿಟಿ ಪಬ್ಲಿಕ್’ ಎಂಬ ಸಾಲನ್ನು ಯಾವುದೋ ಹಳೆಯ ಫೈಲಿನಿಂದ ಎತ್ತಿ ಅಂಟಿಸಿ ಹೋಗಿರುತ್ತಾನೆ. ದೂರದಿಂದ ನಿರ್ವಹಣೆ ಆಯಿತು, ನಿಗಾ ಆಯಿತು, ಬಿಲ್ಲೂ ಪಾಸಾಯಿತು. ಆಮೇಲೆ ವರ್ಷಗಟ್ಟಲೆ ಆ ಸಾಲನ್ನು ಯಾರೂ ತೆರೆದು ನೋಡುವುದಿಲ್ಲ.

ಎಸ್‌ಎನ್‌ಎಂಪಿಯನ್ನು, ಅಂದರೆ ಜಾಲದ ಸಾಧನಗಳನ್ನು ದೂರದಿಂದ ನೋಡಿಕೊಳ್ಳುವ ಪ್ರೋಟೊಕಾಲನ್ನು, ಬೈಯುವ ಮೊದಲು ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಜೆಫ್ರಿ ಕೇಸ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್, ಜೇಮ್ಸ್ ಡೇವಿನ್ ಎಂಬ ನಾಲ್ವರು 1988ರಲ್ಲಿ ಬರೆದಿಟ್ಟ ಈ ಪ್ರೋಟೊಕಾಲ್ ಹುಟ್ಟಿದ್ದೇ ತಾತ್ಕಾಲಿಕ ಏರ್ಪಾಡಾಗಿ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಗಳು ಕಟ್ಟುತ್ತಿದ್ದ ಭಾರೀ ವ್ಯವಸ್ಥೆಯೊಂದು ಬರುವ ತನಕ ಇದು ಸಾಕು ಎಂಬ ಲೆಕ್ಕಾಚಾರ ಇತ್ತು. ಆ ಭಾರೀ ವ್ಯವಸ್ಥೆ ಇಂಟರ್‌ನೆಟ್ಟಿನಲ್ಲಿ ಬೇರು ಬಿಡಲೇ ಇಲ್ಲ. ಹಂಗಾಮಿ ನೌಕರನೇ ಖಾಯಂ ಆದ.

ಆಗಲು ಕಾರಣವೂ ಇತ್ತು. ಕೇಳು, ಮುಂದಿನದನ್ನು ಕೇಳು, ಬದಲಿಸು, ಉತ್ತರಿಸು, ಏನಾದರೂ ಆದರೆ ತಾನಾಗಿ ಕೂಗು: ಮೂಲ ಆವೃತ್ತಿಯಲ್ಲಿದ್ದದ್ದು ಈ ಐದೇ ಬಗೆಯ ಸಂದೇಶ. ಸ್ವಿಚ್ಚಿಗೆ ಹೊರೆಯಿಲ್ಲ. ಯಾವ ಕಂಪನಿಯ ಪೆಟ್ಟಿಗೆಯಾದರೂ ಪೋರ್ಟಿನ ಲೆಕ್ಕ ಒಂದೇ ಅಂಕಿಮರದ ಒಂದೇ ಕೊಂಬೆಯಲ್ಲಿ ಸಿಗುತ್ತದೆ. ಪ್ರಿಂಟರು, ಯುಪಿಎಸ್ಸು ಕೂಡ ಇದೇ ಭಾಷೆ ಆಡುತ್ತವೆ. ತೊಂಬತ್ತರ ದಶಕದ ಮಧ್ಯದಲ್ಲಿ ಟೋಬಿಯಾಸ್ ಓಟಿಕರ್ ಬರೆದ ಎಂಆರ್‌ಟಿಜಿ ಎಂಬ ಪುಟ್ಟ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಈ ಲೆಕ್ಕ ಓದಿ ಹಸಿರು–ನೀಲಿ ಗ್ರಾಫ್ ಬರೆಯತೊಡಗಿದಾಗ, ತಂತಿಯೊಳಗೆ ಎಷ್ಟು ಹರಿಯುತ್ತಿದೆ ಎಂಬುದು ಮೊದಲ ಸಲ ಎಷ್ಟೋ ಜನರ ಕಣ್ಣಿಗೆ ಬಿತ್ತು. ಓದುವ ಸಾಧನವಾಗಿ ಎಸ್‌ಎನ್‌ಎಂಪಿ ಒಳ್ಳೆಯ ಕೃತಿ.

ಓದಿನಲ್ಲೂ ಎಡವುವವರಿದ್ದಾರೆ, ಆದರೆ ಅದು ಎಸ್‌ಎನ್‌ಎಂಪಿಯ ತಪ್ಪಿಗಿಂತ ಹೆಚ್ಚಾಗಿ ಕೂರಿಸಿದವರ ತಪ್ಪು. ಪೋರ್ಟಿನೊಳಗೆ ಬಂದ ಬೈಟುಗಳನ್ನು ಎಣಿಸುವ ಹಳೆಯ ಕೌಂಟರು 32 ಬಿಟ್ಟಿನದು. ಸುಮಾರು 429 ಕೋಟಿ ತಲುಪಿದೊಡನೆ ಮತ್ತೆ ಸೊನ್ನೆಯಿಂದ ಶುರು. 10 ಮೆಗಾಬಿಟ್ ಕಾಲದಲ್ಲಿ ಅಲ್ಲಿಗೆ ಹೋಗಲು ಹತ್ತಿರ ಹತ್ತಿರ ಒಂದು ಗಂಟೆ ಬೇಕಿತ್ತು. ತುಂಬಿ ಹರಿಯುವ ಒಂದು ಗಿಗಾಬಿಟ್ ಪೋರ್ಟಿನಲ್ಲಿ 34 ಸೆಕೆಂಡು ಸಾಕು. ಐದು ನಿಮಿಷಕ್ಕೊಮ್ಮೆ ಓದುವ ತಂತ್ರಾಂಶದ ಬೆನ್ನ ಹಿಂದೆ ಕೌಂಟರು ಎಂಟು ಬಾರಿ ಸುತ್ತಿ ಬಂದಿರುತ್ತದೆ. ಗ್ರಾಫ್ ಮಾತ್ರ ಏನೂ ಆಗಿಲ್ಲವೆಂಬಂತೆ ತಗ್ಗಿನಲ್ಲೇ ತೆವಳುತ್ತದೆ. 64 ಬಿಟ್ಟಿನ ಕೌಂಟರು ಬಂದು ಎಷ್ಟೋ ಕಾಲವಾಯಿತು. ಅದನ್ನು ಓದಲು ಕನಿಷ್ಠ ಎರಡನೆಯ ಆವೃತ್ತಿ ಬೇಕು; ಮೊದಲನೆಯದಕ್ಕೆ ಅಷ್ಟು ದೊಡ್ಡ ಸಂಖ್ಯೆ ಗೊತ್ತೇ ಇಲ್ಲ.

ನಿಜವಾದ ತಕರಾರು ಐದರಲ್ಲಿ ಮೂರನೆಯ ಸಂದೇಶದ್ದು: ಬದಲಿಸು. ನೋಡುವ ಅಧಿಕಾರಕ್ಕೂ ಬದಲಿಸುವ ಅಧಿಕಾರಕ್ಕೂ ನಡುವೆ ಈ ಪ್ರೋಟೊಕಾಲ್ ಎಬ್ಬಿಸಿದ ಗೋಡೆ ಒಂದು ಪದದಷ್ಟೇ ದಪ್ಪ. ಓದಲು ‘ಪಬ್ಲಿಕ್’, ಬರೆಯಲು ‘ಪ್ರೈವೇಟ್’. ಮೊದಲೆರಡು ಆವೃತ್ತಿಗಳಲ್ಲಿ ಎರಡೂ ತಂತಿಯ ಮೇಲೆ ಮರೆಮಾಚದೆ ಹೋಗುತ್ತವೆ. ಬರೆಯುವ ಪದ ಸಿಕ್ಕವನು ಹಲವು ಸ್ವಿಚ್ಚುಗಳಿಗೆ ‘ನಿನ್ನ ಪೂರ್ತಿ ಕಾನ್ಫಿಗರೇಶನ್ ಈ ವಿಳಾಸಕ್ಕೆ ಕಳಿಸು’ ಎಂದು ಹೇಳಬಹುದು, ಅವು ಕಳಿಸುತ್ತವೆ. 2002ರ ಜೂನಿನಲ್ಲಿ ಇಂಟರ್‌ನೆಟ್ ಮಾನಕಗಳನ್ನು ರೂಪಿಸುವವರೂ ದೊಡ್ಡ ಜಾಲಗಳನ್ನು ನಡೆಸುವವರೂ ಒಟ್ಟಿಗೆ ಕೂತಾಗ ಹೊರಬಿದ್ದ ಅಭಿಪ್ರಾಯವೂ ಇದರ ಸುತ್ತಲೇ ಇತ್ತು: ನಿಗಾಕ್ಕೆ ಎಸ್‌ಎನ್‌ಎಂಪಿ ಸರಿ, ಕಾನ್ಫಿಗರೇಶನ್ನಿಗೆ ಒಗ್ಗುವುದಿಲ್ಲ. ಅದರ ಫಲವಾಗಿ 2006ರಲ್ಲಿ ಕಾನ್ಫಿಗರೇಶನ್ನಿಗೆಂದೇ ನೆಟ್‌ಕಾನ್ಫ್ ಎಂಬ ಪ್ರೋಟೊಕಾಲ್ ಬಂತು. ಸ್ವಿಚ್ಚುಗಳಲ್ಲಿ ಬರೆಯುವ ಪದ ಮಾತ್ರ ಹಾಗೇ ಉಳಿಯಿತು.

2025ರ ಆಗಸ್ಟಿನಲ್ಲಿ ಅಮೆರಿಕದ ಎಫ್‌ಬಿಐ ಹೊರಡಿಸಿದ ಎಚ್ಚರಿಕೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರಷ್ಯಾದ ಗುಪ್ತಚರ ಸಂಸ್ಥೆಯೊಂದಕ್ಕೆ ಸೇರಿದ ಹ್ಯಾಕರುಗಳು ಎಸ್‌ಎನ್‌ಎಂಪಿಯನ್ನೂ ಸಿಸ್ಕೋದ ‘ಸ್ಮಾರ್ಟ್ ಇನ್‌ಸ್ಟಾಲ್’ ಸೌಲಭ್ಯದ ದೋಷವೊಂದನ್ನೂ ಬಳಸಿ ಸಾವಿರಾರು ಸಾಧನಗಳ ಕಾನ್ಫಿಗರೇಶನ್ ಫೈಲುಗಳನ್ನು ಎತ್ತಿಕೊಂಡಿದ್ದರು ಎಂದು ಅದು ಹೇಳಿತು. ಆ ದೋಷ ಬಯಲಾದದ್ದು 2018ರ ಮಾರ್ಚಿನಲ್ಲಿ, ತೇಪೆಯೂ ಆಗಲೇ ಬಂದಿತ್ತು! ಹೊಸ ಸ್ವಿಚ್ಚನ್ನು ಪೆಟ್ಟಿಗೆಯಿಂದ ತೆಗೆದು ತಂತಿ ಸಿಕ್ಕಿಸಿದರೆ ಸಾಕು, ತಾನೇ ಕಾನ್ಫಿಗರ್ ಆಗುತ್ತದೆ ಎಂಬುದು ಸ್ಮಾರ್ಟ್ ಇನ್‌ಸ್ಟಾಲ್ ಕೊಟ್ಟ ಮಾತು. ‘ನೀನು ಯಾರು’ ಎಂದು ಕೇಳುವ ಏರ್ಪಾಡೇ ಅದರಲ್ಲಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಇದೇ ಸಂದಿನಿಂದ ನುಗ್ಗಿ, ಇರಾನ್ ಮತ್ತು ರಷ್ಯಾದ ಸ್ವಿಚ್ಚುಗಳ ಕಾನ್ಫಿಗರೇಶನ್ ಅಳಿಸಿ, ಅಕ್ಷರಗಳಲ್ಲಿ ಬಿಡಿಸಿದ ಅಮೆರಿಕದ ಬಾವುಟವನ್ನು ಯಾರೋ ಬಿಟ್ಟುಹೋದರು. ಇರಾನಿನಲ್ಲೇ 3,500 ಸ್ವಿಚ್ಚುಗಳು ಪೆಟ್ಟು ತಿಂದವೆಂದು ಅಲ್ಲಿನ ಸರ್ಕಾರ ಹೇಳಿತು. ಬೇಡವಾದರೆ ಸ್ಮಾರ್ಟ್ ಇನ್‌ಸ್ಟಾಲನ್ನು ನಿಲ್ಲಿಸಲು ‘ನೋ ವಿಸ್ಟ್ಯಾಕ್’ ಎಂಬ ಎರಡು ಪದ ಸಾಕಿತ್ತು.

ಮೂರನೆಯ ಆವೃತ್ತಿ ಇದಕ್ಕೆಲ್ಲ ಉತ್ತರ ಎನ್ನುತ್ತಾರೆ. ಹೌದು, 2002ರಲ್ಲೇ ಪೂರ್ಣ ಮಾನಕವಾದ ಅದರಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್, ಗೂಢಲಿಪಿ ಎಲ್ಲ ಇವೆ. ಆದರೆ ಅದನ್ನು ಕೂರಿಸುವುದು ಜಾಣರಿಗೂ ತಲೆನೋವು. ಪಾಸ್‌ವರ್ಡಿನಿಂದ ಕಡೆದ ಕೀಲಿ ಆ ಸ್ವಿಚ್ಚಿನದೇ ಗುರುತಾದ ಎಂಜಿನ್ ಐಡಿಗೆ ಅಂಟಿಕೊಂಡಿರುತ್ತದೆ. ಸಿಸ್ಕೋ ಸ್ವಿಚ್ಚುಗಳ ಐಒಎಸ್ ತಂತ್ರಾಂಶದಲ್ಲಂತೂ ಈ ಬಳಕೆದಾರ ಚಾಲ್ತಿ ಕಾನ್ಫಿಗರೇಶನ್ನಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಸ್ವಿಚ್ಚು ಸುಟ್ಟುಹೋಗಿ, ಬ್ಯಾಕಪ್ ಫೈಲನ್ನು ಹೊಸದರ ಮೇಲೆ ಹಾಕಿದಾಗ ಎಲ್ಲವೂ ಮರಳುತ್ತದೆ, ನಿಗಾ ಮಾತ್ರ ಮರಳುವುದಿಲ್ಲ. ಕಾರಣ ಹುಡುಕಿ ಸುಸ್ತಾದ ಅಡ್ಮಿನ್ ಕೊನೆಗೆ ಏನು ಮಾಡುತ್ತಾನೆ? ಹಳೆಯ ಪಬ್ಲಿಕ್ ಸಾಲನ್ನು ‘ಸದ್ಯಕ್ಕೆ’ ಎಂದು ವಾಪಸು ಹಾಕುತ್ತಾನೆ. ಭದ್ರತೆಯನ್ನು ಇಷ್ಟು ಕಷ್ಟವಾಗಿಸಿದ ವಿನ್ಯಾಸ ಅರ್ಧ ಹೊಣೆ ಹೊರಲೇಬೇಕು.

ದೂರದಿಂದ ಬದಲಿಸುವ ಕೆಲಸಕ್ಕೆ ತನ್ನದೇ ಅಪಾಯಗಳಿವೆ, ಅದಕ್ಕೆ ಹ್ಯಾಕರು ಬೇಕಾಗಿಲ್ಲ. ಹಲವು ವಿಲ್ಯಾನುಗಳನ್ನು (ಒಂದೇ ಸ್ವಿಚ್ಚಿನೊಳಗಿನ ಬೇರೆ ಬೇರೆ ಜಾಲಗಳನ್ನು) ಹೊರುವ ಟ್ರಂಕ್ ಪೋರ್ಟಿಗೆ ಹೊಸ ವಿಲ್ಯಾನ್ 30 ಸೇರಿಸಬೇಕು ಎನ್ನಿ. ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್’ ಎಂದು ಬರೆದು, ‘ಆಡ್’ ಎಂಬ ಪದ ಮರೆತು, 30 ಎಂದು ಒತ್ತಿದರೆ ಹಳೆಯ ವಿಲ್ಯಾನುಗಳೆಲ್ಲ ಪಟ್ಟಿಯಿಂದ ಹೊರಗೆ. ಅಡ್ಮಿನ್ ಒಳಬಂದದ್ದು ಆ ಹಳೆಯವುಗಳಲ್ಲೊಂದರಿಂದಲೇ ಆಗಿದ್ದರೆ ಪರದೆ ಹೆಪ್ಪುಗಟ್ಟುತ್ತದೆ. ಬೈಕು ಹತ್ತಿ ಹೋಗಬೇಕು. ಅನುಭವಿಗಳು ಕೈ ಹಾಕುವ ಮೊದಲು ‘ರಿಲೋಡ್ ಇನ್ 10’ ಎಂದು ಬರೆದಿಡುತ್ತಾರೆ. ಸಂಪರ್ಕ ಕಡಿದರೆ ಹತ್ತು ನಿಮಿಷಕ್ಕೆ ಸ್ವಿಚ್ಚೇ ಮರುಚಾಲನೆಯಾಗಿ, ಉಳಿಸಿದ್ದ ಹಳೆಯ ಸ್ಥಿತಿಗೆ ಬರುತ್ತದೆ. ಕೈಪಿಡಿಗಳ ಮೊದಲ ಪುಟದಲ್ಲಿರಬೇಕಾದ ಈ ಉಪಾಯ ಬಾಯಿಂದ ಬಾಯಿಗೆ ಹರಡುತ್ತಿರುವುದು ವಿಚಿತ್ರ.

ದೊಡ್ಡವರೂ ಇದೇ ಹಳ್ಳಕ್ಕೆ ಬಿದ್ದಿದ್ದಾರೆ. ಕೆನಡಾದ ರಾಜರ್ಸ್ ಕಂಪನಿಯ ಜಾಲ 2022ರ ಜುಲೈ 8ರಂದು ಮುಗ್ಗರಿಸಿ, ಒಂದು ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಕಾನ್ಫಿಗರೇಶನ್ ಬದಲಾವಣೆಯೊಂದರಲ್ಲಿ ಒಂದು ಸೋಸುವ ನಿಯಮ ಅಳಿಸಿಹೋಗಿತ್ತು. ನಿರ್ವಹಣೆಯ ಜಾಲ ಮುಖ್ಯ ಜಾಲವನ್ನೇ ನೆಚ್ಚಿಕೊಂಡಿದ್ದರಿಂದ, ಬಿದ್ದದ್ದನ್ನು ಎತ್ತಬೇಕಾದವರು ಒಳಗೆ ಹೋಗಲಾರದೆ ಕೂತರು. ಕಾರಣ ಪತ್ತೆಯಾಗಲು 14 ಗಂಟೆ ಹಿಡಿಯಿತು.

ಇನ್ನು ಸ್ವಿಚ್ಚು ಬರೆದಿಡುವ ಘಟನೆಗಳ ದಾಖಲೆ, ಅಂದರೆ ಲಾಗು, ಅದರ ಮಾತು ಚುಟುಕಾಗಿ. ಗಡಿಯಾರ ಹೊಂದಿಸದ ಹಲವು ಸಿಸ್ಕೋ ಸ್ವಿಚ್ಚುಗಳು ಪ್ರತಿ ಮರುಚಾಲನೆಯಲ್ಲೂ 1993ರ ಮಾರ್ಚ್ 1ಕ್ಕೆ ಹಿಂತಿರುಗುತ್ತವೆ. ಆ ತಾರೀಖಿನ ಲಾಗು ಯಾವ ತನಿಖೆಗೂ ಉಪಯೋಗಕ್ಕೆ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯದೊಂದಿಗೆ ಹೊಂದಿಸಬೇಕು, ಲಾಗುಗಳನ್ನು 180 ದಿನ ಇಡಬೇಕು ಎಂದಿದೆ. ಬೆಂಗಳೂರಿನ ಡೇಟಾ ಸೆಂಟರಿಗೆ ಅನ್ವಯಿಸುವ ಈ ನಿಯಮ ತಾಲ್ಲೂಕು ಊರಿನ ಸಣ್ಣ ಕಂಪನಿಯನ್ನೂ ಬಿಡುವುದಿಲ್ಲ.

ಸ್ವಿಚ್ಚು ಕೊಳ್ಳುವ ಟೆಂಡರುಗಳಲ್ಲಿ ‘ಎಸ್‌ಎನ್‌ಎಂಪಿ ವಿ1, ವಿ2ಸಿ, ವಿ3 ಬೆಂಬಲ ಇರಬೇಕು’ ಎಂಬ ಸಾಲು ಮಾಮೂಲು. ಮೊದಲೆರಡನ್ನು ಮುಚ್ಚಿಕೊಡಬೇಕು ಎಂಬ ಷರತ್ತೂ ಅದರ ಪಕ್ಕದಲ್ಲಿ ಬರಬೇಕು. ಕೆಲಸ ಒಪ್ಪಿಸುವ ದಿನ ಲ್ಯಾಬಿನ ಯಾವುದಾದರೂ ಸಾಮಾನ್ಯ ಕಂಪ್ಯೂಟರಿನಿಂದ ‘ಪಬ್ಲಿಕ್’ ಎಂಬ ಪದದೊಡನೆ ಸ್ವಿಚ್ಚನ್ನೊಮ್ಮೆ ಮಾತಾಡಿಸಿ ನೋಡಲಿ; ಉತ್ತರ ಬಂತೆಂದರೆ ಬಿಲ್ಲಿಗೆ ಸಹಿ ಹಾಕದೆ ವೆಂಡರನ್ನು ಮತ್ತೆ ಕರೆಸಲಿ.